ಮೇ ಒಂದರ ರಜೆ ಮತ್ತು ನಜರೇತಿನ ಬಡಗಿ



ಮೇ ತಿಂಗಳೆಂದರೆ ನಮಗೆ ಮಾತೆ ಮರಿಯಮ್ಮನವರ ತಿಂಗಳು. ಮಕ್ಕಳಿಗೆ ಬೇಸಿಗೆ ರಜೆ, ಮನೆಮನೆಗಳಲ್ಲಿ ಮದುವೆಯ ಓಡಾಟ. ಈ ತಿಂಗಳ ಮೊದಲ ದಿನ ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರದಲ್ಲಿದೆ, ಅಂದು ಕಾರ್ಮಿಕರ ದಿನದ ರಜೆ. ಅಂದೇ ಧರ್ಮಸಭೆಯು ಕಾರ್ಮಿಕ ಸಂತ ಜೋಸೆಫರನ್ನೂ ಸ್ಮರಿಸುತ್ತದೆ. ಇವೆರಡೂ ಒಂದೇ ದಿನ ಕೂಡಿ ಬಂದದ್ದು ಆಕಸ್ಮಿಕವಲ್ಲ.

ಯುರೋಪಿನಲ್ಲಿ ಮೇ ಒಂದು ಮೊದಲಿಗೆ ವಸಂತದ ಹಬ್ಬವಾಗಿತ್ತು. ಚಳಿಗಾಲ ಕಳೆದ ಸಂತೋಷಕ್ಕೆ ಹಳ್ಳಿಯ ಯುವಕ ಯುವತಿಯರು ಕಾಡಿನಿಂದ ಹೂಬಿಟ್ಟ ಕೊಂಬೆಗಳನ್ನು ತರುತ್ತಿದ್ದರು, ಬಯಲಿನಲ್ಲಿ ಕಂಬ ನೆಟ್ಟು ಸುತ್ತಲೂ ಕುಣಿಯುತ್ತಿದ್ದರು. ಫ್ರಾನ್ಸಿನಲ್ಲಿ ಇಂದಿಗೂ ಅಂದು ಪುಟ್ಟ ಗಂಟೆಗಳಂಥ ಬಿಳಿ ಹೂವಿನ ಗೊಂಚಲು ಕೊಟ್ಟು ಆಪ್ತರಿಗೆ ಶುಭ ಕೋರುತ್ತಾರೆ.

ಹೂವಿನ ಈ ದಿನಕ್ಕೆ ಕಾರ್ಮಿಕರ ಹೆಸರು ಬಂದದ್ದು ಅಮೆರಿಕದ ಒಂದು ಬೇಡಿಕೆಯಿಂದ. ದಿನಕ್ಕೆ ಹತ್ತು, ಹನ್ನೆರಡು ಗಂಟೆ ದುಡಿಯುತ್ತಿದ್ದ ಅಲ್ಲಿನ ಕಾರ್ಮಿಕರು ಎಂಟು ಗಂಟೆಯ ಕೆಲಸ ಸಾಕೆಂದು 1886ರ ಮೇ 1ರಂದು ಮುಷ್ಕರ ಹೂಡಿದರು. ಮೇ 4ರಂದು ಷಿಕಾಗೋದ ಹೇಮಾರ್ಕೆಟ್ ಚೌಕದ ಸಭೆಯಲ್ಲಿ ಯಾರೋ ಬಾಂಬ್ ಎಸೆದರು. ಪೊಲೀಸರು ಗುಂಡು ಹಾರಿಸಿದರು. ಪೊಲೀಸರೂ ಸತ್ತರು, ಕಾರ್ಮಿಕರೂ ಸತ್ತರು. ಬಾಂಬ್ ಎಸೆದವರು ಯಾರೆಂಬುದು ಸಾಬೀತಾಗದಿದ್ದರೂ 1887ರಲ್ಲಿ ನಾಲ್ವರನ್ನು ಗಲ್ಲಿಗೇರಿಸಲಾಯಿತು. 1893ರಲ್ಲಿ ರಾಜ್ಯಪಾಲ ಆಲ್ಟ್‌ಗೆಲ್ಡ್ ಆ ವಿಚಾರಣೆ ನ್ಯಾಯವಾಗಿರಲಿಲ್ಲವೆಂದು ಹೇಳಿ, ಸೆರೆಯಲ್ಲಿ ಉಳಿದಿದ್ದ ಮೂವರನ್ನು ಬಿಡುಗಡೆ ಮಾಡಿದರು.

1889ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಮಾಜವಾದಿಗಳ ಅಂತರರಾಷ್ಟ್ರೀಯ ಸಮ್ಮೇಳನವು ಮೇ ಒಂದನ್ನು ಎಲ್ಲ ದೇಶಗಳ ಕಾರ್ಮಿಕರ ದಿನವಾಗಿ ಆರಿಸಿಕೊಂಡಿತು. ಆದರೆ ಅಮೆರಿಕದಲ್ಲಿ ಅಂದು ಸರ್ಕಾರಿ ರಜೆಯಿಲ್ಲ. 1894ರ ಕಾನೂನಿನಂತೆ ಅಲ್ಲಿ ಕಾರ್ಮಿಕರ ದಿನ ಬರುವುದು ಸೆಪ್ಟೆಂಬರಿನ ಮೊದಲ ಸೋಮವಾರ.

1891ರ ಮೇ 1ರಂದು ಉತ್ತರ ಫ್ರಾನ್ಸಿನ ಫೂರ್ಮಿ ಎಂಬ ಗಿರಣಿ ಊರಿನಲ್ಲಿ ಎಂಟು ಗಂಟೆಯ ಕೆಲಸ ಕೇಳಿ ಬಂದ ಜನರ ಮೇಲೆ ಸೈನಿಕರು ಗುಂಡು ಹಾರಿಸಿದರು. ಒಂಬತ್ತು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹರೆಯದವರು, ಒಬ್ಬನಂತೂ ಹನ್ನೊಂದು ವರ್ಷದ ಬಾಲಕ. ಮರಿಯಾ ಬ್ಲಾಂಡೋ ಎಂಬ ಹುಡುಗಿಯ ಕೈಯಲ್ಲಿದ್ದದ್ದು ವಸಂತದ ಹೂಕೊಂಬೆ.

ಇದಾದ ಎರಡು ವಾರಕ್ಕೆ, ಮೇ 15ರಂದು, ಜಗದ್ಗುರು ಹದಿಮೂರನೆಯ ಲಿಯೋರವರ 'ರೇರುಂ ನೊವಾರುಂ' ವಿಶ್ವಪತ್ರ ಹೊರಬಂತು. ಬಹುಕಾಲದಿಂದ ಸಿದ್ಧವಾಗುತ್ತಿದ್ದ ಪತ್ರವದು. ಕೂಲಿಯು ಕಾರ್ಮಿಕನ ಜೀವನಕ್ಕೆ ಸಾಲುವಂತಿರಬೇಕು, ಅವನಿಗೆ ವಿಶ್ರಾಂತಿ ಬೇಕು, ಸಂಘ ಕಟ್ಟುವ ಹಕ್ಕು ಬೇಕು, ಎಳೆಯ ಮಕ್ಕಳನ್ನು ಕಾರ್ಖಾನೆಗೆ ತಳ್ಳಬಾರದು ಎಂದು ಅದು ಬೋಧಿಸಿತು. ವರ್ಗದ್ವೇಷ ಬೇಡವೆಂದೂ, ಮಾಲೀಕನಿಗೆ ಕಾರ್ಮಿಕನು ಗುಲಾಮನಲ್ಲವೆಂದೂ ಹೇಳಿತು.

ಮುಂದೆ ಮೇ ದಿನವು ಕೆಂಪು ಬಾವುಟದ ದಿನವೆಂದೇ ಹೆಸರಾಯಿತು. ಹಾಗೆಂದು ಧರ್ಮಸಭೆ ಆ ದಿನವನ್ನು ಬಿಟ್ಟುಕೊಡಲಿಲ್ಲ. 1955ರ ಮೇ 1ರಂದು ಸಂತ ಪೇತ್ರರ ಚೌಕದಲ್ಲಿ ನೆರೆದಿದ್ದ ಇಟಲಿಯ ಕ್ರೈಸ್ತ ಕಾರ್ಮಿಕರ ಮುಂದೆ ಜಗದ್ಗುರು ಹನ್ನೆರಡನೆಯ ಪಯಸ್‌ರವರು ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನು ಘೋಷಿಸಿದರು. 'ಇವನು ಬಡಗಿಯ ಮಗನಲ್ಲವೇ' ಎಂದು ಊರಿನವರು ಯೇಸುವನ್ನು ಹಗುರವಾಗಿ ಕಂಡಿದ್ದರು. ಆ ಬಡಗಿಯನ್ನೇ ಧರ್ಮಸಭೆ ಕಾರ್ಮಿಕರ ಪಾಲಕನನ್ನಾಗಿ ಮುಂದೆ ನಿಲ್ಲಿಸಿತು.

ನಮ್ಮ ದೇಶದಲ್ಲಿ ಮೊದಲ ಮೇ ದಿನವನ್ನು 1923ರಲ್ಲಿ ಮದ್ರಾಸಿನ ಸಮುದ್ರ ತೀರದಲ್ಲಿ ಸಿಂಗಾರವೇಲು ಚೆಟ್ಟಿಯಾರರು ಆಚರಿಸಿದರು. ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆಯಿದ್ದ ದುಡಿಮೆಯ ಮಿತಿ 48ಕ್ಕೆ ಇಳಿದದ್ದು 1946ರ ತಿದ್ದುಪಡಿಯಿಂದ. ಅದರ ಮಸೂದೆಯ ಹಿಂದೆ ಇದ್ದವರು, ಆಗ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಡಾ. ಬಿ. ಆರ್. ಅಂಬೇಡ್ಕರರು.

2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋರವರು, ತಾವು ಈ ಹೆಸರು ಆರಿಸಿಕೊಂಡದ್ದಕ್ಕೆ ಆ ಹಳೆಯ ವಿಶ್ವಪತ್ರವೇ ಮುಖ್ಯ ಕಾರಣವೆಂದರು. ಯಂತ್ರಗಳೇ ಯೋಚಿಸತೊಡಗಿರುವ ಈ ಕಾಲದಲ್ಲಿ ದುಡಿಯುವವರ ಘನತೆಯ ಪ್ರಶ್ನೆ ಮತ್ತೆ ಎದ್ದಿದೆ ಎಂದು ನೆನಪಿಸಿದರು.

ಪ್ರಿಯರೇ, ನಮ್ಮ ಕೈಗೆ ಸುಲಭವಾಗಿ ಬಂದ ಈ ರಜೆಗೆ ಯಾರೋ ಬೆಲೆ ತೆತ್ತಿದ್ದಾರೆ. ಮೇ ಒಂದರಂದು ಬಲಿಪೂಜೆ ಮುಗಿಸಿ ಮನೆಗೆ ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳೋಣ. ನಮ್ಮ ಮನೆಯ ಪಾತ್ರೆ ತೊಳೆಯುವ ಅಕ್ಕನಿಗೆ ಇಂದು ರಜೆಯುಂಟೇ? ಬಿಸಿಲಿನಲ್ಲಿ ಊಟದ ಪೊಟ್ಟಣ ತಂದ ಹುಡುಗನಿಗೆ ಒಂದು ಲೋಟ ನೀರು ಕೊಟ್ಟೆವೇ? ಕೂಲಿಯನ್ನು ನಾಳೆ, ನಾಡಿದ್ದು ಎಂದು ಮುಂದೂಡಿದ್ದೇವೆಯೇ? ಆ ಕೂಲಿಯನ್ನು ಅಂದೇ ಕೊಟ್ಟು, ಆ ಅಕ್ಕನಿಗೆ ಸಂಬಳ ಹಿಡಿಯದೆ ಒಂದು ದಿನ ಬಿಡುವು ಕೊಟ್ಟರೆ, ಬಡಗಿ ಜೋಸೆಫರ ಹಬ್ಬ ನಮ್ಮ ಮನೆಯಲ್ಲೂ ನಡೆದಂತಾಗುತ್ತದೆ.