ಎರವಲು ನೋಟ್ಸು

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕಿದೆ. ಪ್ರತಿ ಯುಗಾದಿಗೂ ಮನೆ ಸಾರಿಸಿ ಗುಡಿಸುವಾಗ ಅದನ್ನು ಕೆಳಗಿಳಿಸುತ್ತೇನೆ, ಧೂಳು ಒರೆಸುತ್ತೇನೆ, ಮತ್ತೆ ಮೇಲಿಡಿಸುತ್ತೇನೆ. ಅದರೊಳಗೆ ಕಂದು ಕಾಗದದ ಹೊದಿಕೆ ಹಾಕಿದ ಐದು ನೋಟ್ ಪುಸ್ತಕಗಳಿವೆ: ಕನ್ನಡ, ಇಂಗ್ಲಿಷ್, ಹಿಂದಿ, ಸಮಾಜ, ಗಣಿತ. ಆರನೆಯದು ವಿಜ್ಞಾನ. ಅದನ್ನು ಯಾರೋ ಓದಲು ಒಯ್ದವರು ಹಿಂದಕ್ಕೆ ಕೊಡಲಿಲ್ಲ. "ಇನ್ನೂ ಯಾಕಮ್ಮ ಈ ರದ್ದಿ?" ಎಂದು ಮಗ ಪ್ರತಿ ವರ್ಷ ಕೇಳುತ್ತಾನೆ. ಅವನಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ನನಗೆ ಇದುವರೆಗೂ ಆಗಿಲ್ಲ. ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಆ ಪುಸ್ತಕಗಳನ್ನು ಬರೆದವಳು ನನ್ನ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ. ಕುಣಿಗಲ್ಲಿನಲ್ಲಿ ನನ್ನ ತಾತನ ಮನೆ. 1968ರಲ್ಲಿ ಅವಳು ಎಸ್.ಎಸ್.ಎಲ್.ಸಿ. ಓದುತ್ತಿದ್ದಳು. ಪರೀಕ್ಷಾ ಮಂಡಳಿ 1966ರಲ್ಲಿ ಆಗಷ್ಟೇ ಹುಟ್ಟಿತ್ತು, ಎಸ್.ಎಸ್.ಎಲ್.ಸಿ. ಎಂದರೆ ಮನೆಯವರಿಗೆಲ್ಲ ಒಂದು ದೊಡ್ಡ ಹೆಸರು. ಚಿಕ್ಕಮ್ಮನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಮೇಷ್ಟರು ಹಲಗೆಯ ಮೇಲೆ ಬರೆದದ್ದನ್ನು ಶಾಲೆಯಲ್ಲಿ ಒರಟು ಪುಸ್ತಕಕ್ಕೆ ಇಳಿಸಿಕೊಂಡು, ಸಂಜೆ ಲಾಂದ್ರದ ಬೆಳಕಿನಲ್ಲಿ ಒಳ್ಳೆಯ ಪುಸ್ತಕಕ್ಕೆ ತಿದ್ದಿ ಬರೆಯುತ್ತಿದ್ದಳಂತೆ. ಪರೀಕ್ಷೆಗೆ ಇನ್ನು ಕೆಲವೇ ವಾರ ಇರುವಾಗ ತುರುವೇಕೆರೆ ಕಡೆಯ ಒಂದು ಸಂಬಂಧ ಕೂಡಿ ಬಂತು. ಹುಡುಗನ ಕಡೆಯವರಿಗೆ ಅವಸರ. "ಪರೀಕ್ಷೆ ಮುಂದಿನ ವರ್ಷವೂ ಬರುತ್ತೆ, ಒಳ್ಳೆ ಸಂಬಂಧ ಬರುತ್ತಾ?" ಎಂದರಂತೆ ತಾತ. ಮದುವೆಯಾಯಿತು. ನೋಟ್ಸು ತವರಿನಲ್ಲೇ ಉಳಿಯಿತು.

ಗಣಿತದ ಪುಸ್ತಕದ ಕೊನೆಯ ಹಾಳೆಯಲ್ಲಿ ಪೈಥಾಗೊರಸನ ಪ್ರಮೇಯವಿದೆ. ನಮ್ಮ ಕಾಲದವರಿಗೆ ಆ ಕ್ರಮ ನೆನಪಿರಬೇಕು: ದತ್ತ, ಸಾಧನೀಯ, ರಚನೆ, ಸಾಧನೆ. ಚಿತ್ರ ಬರೆದಿದೆ, ದತ್ತ ಬರೆದಿದೆ, ಸಾಧನೀಯ ಬರೆದಿದೆ, ರಚನೆಯೂ ಆಗಿದೆ. 'ಸಾಧನೆ' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾಳೆ. ಅಲ್ಲಿಂದ ಮುಂದೆ ಹಾಳೆ ಖಾಲಿ.

ನೋಟ್ಸು ಎಂದರೆ ಓದುವ ಶ್ರಮ ತಪ್ಪಿಸುವ ಅಡ್ಡದಾರಿ ಎಂದು ತಿಳಿದವರು ಹೇಳುವುದನ್ನು ನೀವೂ ಕೇಳಿರುತ್ತೀರಿ. ನಾನೂ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ಮಕ್ಕಳಿಗೆ ಅದೇ ಮಾತನ್ನು ಎಷ್ಟೋ ಸಲ ಹೇಳಿದ್ದೇನೆ. ಆದರೆ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ, ನಮ್ಮ ನಾಡಿನಲ್ಲಿ ವಿದ್ಯೆ ಒಬ್ಬರಿಂದ ಒಬ್ಬರಿಗೆ ದಾಟಿದ್ದೇ ಹೆಚ್ಚಾಗಿ ಹೀಗೆ.

ಈಗ ಕಚೇರಿಯ ಫೈಲಿಗೆ 'ಕಡತ' ಎನ್ನುತ್ತೇವೆ. ನಿಜವಾದ ಕಡತ ಕಾಗದದ್ದಲ್ಲ, ಬಟ್ಟೆಯದು. ಉದ್ದನೆಯ ಹತ್ತಿಬಟ್ಟೆಗೆ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬಂದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಶಾನುಭೋಗರ ಲೆಕ್ಕ, ಅಂಗಡಿಯವರ ಬಾಕಿ ಎಲ್ಲವೂ ಕಡತದ ಮೇಲೆಯೇ. ಕೂಲಿಮಠದ ಹುಡುಗರು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಮಗ್ಗಿಯನ್ನು ರಾಗವಾಗಿ ಒಪ್ಪಿಸಿ ಬಾಯಿಪಾಠ ಮಾಡಬೇಕಾಗಿತ್ತು. ಅಚ್ಚಿನ ಪುಸ್ತಕ ಎಲ್ಲರ ಕೈಗೆ ಬರುವ ಮುಂಚೆ ನೆನಪು ಮತ್ತು ಕೈಬರಹ ಎರಡೇ ದಾರಿ.

ಇನ್ನೂ ಹಿಂದಕ್ಕೆ ಹೋಗೋಣ. 12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ 'ವ್ಯವಹಾರ ಗಣಿತ' ಬರೆದ. ಗಣಿತದ ಸೂತ್ರಗಳನ್ನು ಪದ್ಯದಲ್ಲಿ ಕಟ್ಟಿಕೊಟ್ಟು, ಬಿಡಿಸಿ ತೋರಿಸಲು ಲೆಕ್ಕ ಕೊಟ್ಟ. 13ನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ವ್ಯಾಕರಣದ ಸೂತ್ರಗಳನ್ನು ಕಂದಪದ್ಯಗಳಲ್ಲಿ ಹೇಳಿದ. ಅಷ್ಟಕ್ಕೇ ಬಿಡದೆ ಅದರ ಕೆಳಗೆ ತಾನೇ ಗದ್ಯದಲ್ಲಿ ವೃತ್ತಿ ಬರೆದು, ಕವಿಗಳಿಂದ ಪ್ರಯೋಗಗಳನ್ನು ಆರಿಸಿ ಕೊಟ್ಟ. ಸೂತ್ರ, ವಿವರಣೆ, ಉದಾಹರಣೆ. ನಮ್ಮ ಚಿಕ್ಕಮ್ಮನ ಕನ್ನಡ ನೋಟ್ಸಿನ ಕ್ರಮವೂ ಇದೇ.

ನಮ್ಮ ಸೀಮೆಯಲ್ಲೇ ಇನ್ನೊಂದು ನಿದರ್ಶನವಿದೆ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ ಇದೆ. ಅವರ ಕಾಲದಲ್ಲಿ ಮತ್ತು ಅದರ ಆಸುಪಾಸಿನಲ್ಲಿ, 15–16ನೆಯ ಶತಮಾನಗಳಲ್ಲಿ, ಹಳೆಯ ಶರಣರ ವಚನಗಳನ್ನು ಹುಡುಕಿ, ಸ್ಥಲಗಳ ಪ್ರಕಾರ ಜೋಡಿಸಿ, ಕಠಿಣವಾದವಕ್ಕೆ ಟೀಕೆ ಬರೆಯುವ ಕೆಲಸ ಭರದಿಂದ ನಡೆಯಿತು. ತುಮಕೂರಿನ ಪಕ್ಕದ ಗೂಳೂರಿನ ಹೆಸರು ಹೊತ್ತ ಸಿದ್ಧವೀರಣ್ಣೊಡೆಯರು ಶೂನ್ಯಸಂಪಾದನೆಯನ್ನು ನಾಲ್ಕನೆಯ ಬಾರಿಗೆ ಪರಿಷ್ಕರಿಸಿದರು. ಇದನ್ನು ಶಾಲೆಯ ನೋಟ್ಸಿಗೆ ಹೋಲಿಸಿದರೆ ವಿದ್ವಾಂಸರು ಕೋಪಿಸಿಕೊಂಡಾರು. ನನಗೆ ಕಾಣುವುದು ಇಷ್ಟೇ: ಮುಂದೆ ಬರುವವರು ಕಷ್ಟಪಡಬಾರದು ಎಂದು ಹಿಂದಿನವರ ಮಾತನ್ನು ಯಾರೋ ಕೂತು ಜೋಡಿಸಿಟ್ಟರು, ಆದ್ದರಿಂದ ನಮಗೆ ದಕ್ಕಿತು.

ಇದರಲ್ಲೆಲ್ಲ ಹೆಣ್ಣುಮಕ್ಕಳು ಎಲ್ಲಿದ್ದರು? ಮೈಸೂರಿನಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಶುರುವಾದದ್ದು 1881ರಲ್ಲಿ. ಆದರೆ ಮೈಸೂರು ಎಲ್ಲರಿಗೂ ಹತ್ತಿರವಿರಲಿಲ್ಲ. ನಂಜನಗೂಡು ತಿರುಮಲಾಂಬ (1887–1982) ಬಾಲ್ಯದಲ್ಲೇ ವಿಧವೆಯಾದವರು. ಓದಿದ್ದು ಮನೆಯಲ್ಲೇ, ಅಕ್ಕಪಕ್ಕದ ಹುಡುಗಿಯರಿಗೆ ಪಾಠ ಹೇಳಿದ್ದೂ ಮನೆಯಲ್ಲೇ. ಮುಂದೆ ಸತೀ ಹಿತೈಷಿಣಿ ಗ್ರಂಥಮಾಲೆ ನಡೆಸಿ ಪುಸ್ತಕಗಳನ್ನು ಪ್ರಕಟಿಸಿದರು. ಹೊಸಿಲು ದಾಟಲು ಆಗದವಳಿಗೆ ಪುಸ್ತಕವೇ ಹೊಸಿಲು ದಾಟಿ ಒಳಗೆ ಬರಬೇಕಾಗಿತ್ತು.

ನನ್ನ ಕಾಲಕ್ಕೆ ಶಾಲೆ ಇತ್ತು. ಹೋಗುವುದಕ್ಕೆ ಅಡ್ಡಿಯೂ ಇರಲಿಲ್ಲ. ನಾವು ಗುಬ್ಬಿಯಲ್ಲಿದ್ದೆವು. ನನ್ನ ಅಣ್ಣ ತುಮಕೂರಿನ ಸಿದ್ಧಗಂಗಾ ಮಠದಲ್ಲಿದ್ದುಕೊಂಡು ಓದಿದ. ಅಲ್ಲಿ ಶಿವಕುಮಾರ ಸ್ವಾಮಿಗಳು ಸಾವಿರಾರು ಬಡ ಹುಡುಗರಿಗೆ ಅನ್ನ, ವಸತಿ ಕೊಟ್ಟು ಓದಿಸುತ್ತಿದ್ದರು. ನಾನು ಮನೆಯಿಂದಲೇ ಶಾಲೆಗೆ ಹೋಗುತ್ತಿದ್ದೆ. 1976ರಲ್ಲಿ, ಎಸ್.ಎಸ್.ಎಲ್.ಸಿ. ವರ್ಷದ ನಡುವೆ, ನನಗೆ ಕಾಮಾಲೆಯಾಯಿತು. ಎರಡು ತಿಂಗಳು ಹಾಸಿಗೆ, ನಾಟಿ ಔಷಧಿ, ಉಪ್ಪು ಖಾರವಿಲ್ಲದ ಗಂಜಿ. ಎದ್ದು ಕೂರುವ ಹೊತ್ತಿಗೆ ಪಾಠ ಮುಂದಕ್ಕೆ ಹೋಗಿಬಿಟ್ಟಿತ್ತು. "ಈ ವರ್ಷ ಬಿಟ್ಟುಬಿಡಲಿ" ಎಂದು ಅಪ್ಪ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಬಿಟ್ಟರೆ ಮುಂದಿನ ವರ್ಷ ಮದುವೆಯೇ ಎಂಬುದು ನನಗೆ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಅಮ್ಮ ಏನೂ ಹೇಳಲಿಲ್ಲ. ಕುಣಿಗಲ್ಲಿಗೆ ಒಂದು ಕಾರ್ಡು ಬರೆಸಿದಳು.

ಮಾವ ಆ ಆರು ಪುಸ್ತಕಗಳನ್ನು ಚೀಲದಲ್ಲಿ ಹಾಕಿಕೊಂಡು ಕುಣಿಗಲ್ಲಿನಿಂದ ತುಮಕೂರಿಗೆ ಒಂದು ಬಸ್ಸು, ತುಮಕೂರಿನಿಂದ ಗುಬ್ಬಿಗೆ ಇನ್ನೊಂದು ಬಸ್ಸು ಹಿಡಿದು ಬಂದ. ಚೀಲದಲ್ಲಿ ಹುರುಳಿಕಾಳೂ ಇತ್ತು. ವಿಜ್ಞಾನದ ಪುಸ್ತಕದ ಬೆನ್ನಿನಲ್ಲಿ ಎಷ್ಟೋ ದಿನ ಕಾಳು ಸಿಗುತ್ತಿದ್ದವು.

ಪುಸ್ತಕಗಳು ಎಂಟು ವರ್ಷ ಹಳೆಯವು. ಸಮಾಜದ ಪುಸ್ತಕದಲ್ಲಿ ಎಲ್ಲ ಕಡೆಯೂ 'ಮೈಸೂರು ರಾಜ್ಯ' ಎಂದಿತ್ತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ನಾನು ಪ್ರತಿಯೊಂದು ಕಡೆಯೂ ಹೊಡೆದು ತಿದ್ದುತ್ತಾ ಹೋದೆ. ವಿಜ್ಞಾನದಲ್ಲಿ ಮನುಷ್ಯ ಇನ್ನೂ ಚಂದ್ರನ ಮೇಲೆ ಕಾಲಿಟ್ಟಿರಲಿಲ್ಲ. 1969ರ ಸಂಗತಿಯನ್ನು ಅಂಚಿನಲ್ಲಿ ನಾನು ಸೇರಿಸಿದೆ. ಬದಲಾದ ಪಾಠಗಳನ್ನು ಗೆಳತಿಯ ಪುಸ್ತಕ ನೋಡಿ ಬರೆದುಕೊಂಡೆ. ಹೀಗೆ ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ತಿದ್ದುವಾಗ ಪಾಠ ತಾನಾಗಿ ತಲೆಗೆ ಹತ್ತಿತು. ಒಂದು ಕಡೆ ಅಂಚಿನಲ್ಲಿ ಚಿಕ್ಕಮ್ಮ ತನಗೆ ತಾನೇ ಬರೆದುಕೊಂಡಿದ್ದಳು: "ಇದು ಖಂಡಿತ ಬರುತ್ತೆ, ಮರೀಬೇಡ." ನನಗೆ ಅದು ನನಗೇ ಹೇಳಿದಂತಿತ್ತು.

ಗಣಿತದ ಆ ಖಾಲಿ ಹಾಳೆಗೆ ಬಂದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಮೇಲೆ ಪಠ್ಯಪುಸ್ತಕ ನೋಡಿ ಸಾಧನೆಯನ್ನು ನಾನೇ ಬರೆದು ಮುಗಿಸಿದೆ. ಮೇಲೆ ಅವಳ ದುಂಡಕ್ಷರ, ಕೆಳಗೆ ನನ್ನ ಕಾಗೆಕಾಲು. ಎರಡನೆಯ ದರ್ಜೆಯಲ್ಲಿ ಪಾಸಾದೆ. ಆ ವರ್ಷ ಮದುವೆಯ ಮಾತು ಬರಲಿಲ್ಲ.

ಮುಂದೆ ಕೆಲಸ ಸಿಕ್ಕಿ ತುಮಕೂರಿಗೆ ಬಂದೆ. ಬಿ.ಎಚ್. ರಸ್ತೆಯ ಅಂಗಡಿಗಳಲ್ಲಿ ಜೂನ್ ತಿಂಗಳಲ್ಲಿ ಪಠ್ಯಪುಸ್ತಕಕ್ಕಿಂತ ಮುಂಚೆ ಗೈಡುಗಳು ಬಂದಿರುತ್ತಿದ್ದವು. ಸೈಕ್ಲೋಸ್ಟೈಲ್ ಹೋಗಿ ಜೆರಾಕ್ಸ್ ಬಂತು. ಮಕ್ಕಳು ಗೆಳೆಯರ ನೋಟ್ಸನ್ನು ಬರೆದುಕೊಳ್ಳುವ ಬದಲು ಜೆರಾಕ್ಸ್ ಮಾಡಿಸತೊಡಗಿದರು. ಉತ್ತರ ಪತ್ರಿಕೆ ತಿದ್ದುವಾಗ ಮೂವತ್ತು ಮಕ್ಕಳ ಪತ್ರಿಕೆಯಲ್ಲಿ ಒಂದೇ ತಪ್ಪು, ಒಂದೇ ಪದದಲ್ಲಿ. ಗೈಡಿನಲ್ಲಿ ಅಚ್ಚಾದ ತಪ್ಪು ಅದು. ಕೈಲಾಸಂ ತಮ್ಮ 'ಟೊಳ್ಳುಗಟ್ಟಿ' ನಾಟಕದಲ್ಲಿ ನಕ್ಕು ತೋರಿಸಿದ್ದು ಇಂಥ ಓದನ್ನೇ ಅಲ್ಲವೆ ಅನಿಸುತ್ತಿತ್ತು.

ಹಾಗೆಂದು ವಿದ್ಯಾರ್ಥಿಗಳಿಗಾಗಿ ಬರೆದದ್ದೆಲ್ಲ ಟೊಳ್ಳಲ್ಲ. ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು 'ಕನ್ನಡ ಕೈಪಿಡಿ'ಗೆ ದುಡಿದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ. ಶ್ರೀಕಂಠಯ್ಯನವರು ಅಂಥ ಪಂಡಿತರಾಗಿಯೂ ಶಾಲೆಯ ಮಕ್ಕಳಿಗೆಂದು 'ಕನ್ನಡ ಮಧ್ಯಮ ವ್ಯಾಕರಣ' ಬರೆದರು. ಓದುವವರು ಎಲ್ಲಿ ಎಡವುತ್ತಾರೆಂದು ತಿಳಿದು ಅಲ್ಲಿ ಕೈ ಹಿಡಿಯುವ ಪುಸ್ತಕ ಬೇರೆ, ನೀನು ನಡೆಯುವುದೇ ಬೇಡ ಎನ್ನುವ ಪುಸ್ತಕ ಬೇರೆ.

ಚಿಕ್ಕಮ್ಮನ ವಿಷಯಕ್ಕೆ ಬರುತ್ತೇನೆ. ಮಕ್ಕಳು ದೊಡ್ಡವರಾದ ಮೇಲೆ ಅವಳು ಕನ್ನಡ ಸಾಹಿತ್ಯ ಪರಿಷತ್ತಿನ ಪರೀಕ್ಷೆಗಳಿಗೆ ಕಟ್ಟಿದಳು. ಪರಿಷತ್ತು 1915ರಲ್ಲಿ ಸ್ಥಾಪನೆಯಾದದ್ದು. ಅದು ನಡೆಸುವ ಕಾವ, ಜಾಣ, ರತ್ನ ಪರೀಕ್ಷೆಗಳನ್ನು ಮನೆಯಲ್ಲೇ ಓದಿಕೊಂಡು ಬರೆದ ಗೃಹಿಣಿಯರು ನಮ್ಮ ಊರುಗಳಲ್ಲಿ ಎಷ್ಟೋ ಜನರಿದ್ದಾರೆ. ಇದನ್ನು ಓದುತ್ತಿರುವವರಲ್ಲೂ ಇರಬಹುದು. ಚಿಕ್ಕಮ್ಮ ಕಾವ, ಜಾಣ ಎರಡನ್ನೂ ಮುಗಿಸಿದಳು. ಎಸ್.ಎಸ್.ಎಲ್.ಸಿ.ಯನ್ನೂ ಖಾಸಗಿಯಾಗಿ ಕಟ್ಟು ಎಂದು ನಾನು ಬಲವಂತ ಮಾಡಿದೆ. "ಹೋಗೇ, ಆ ಲೆಕ್ಕ ಎಲ್ಲಾ ಈಗ ಯಾರಿಗೆ ಬರುತ್ತೆ" ಎಂದು ನಕ್ಕಳು. ಗಣಿತದ ಪುಸ್ತಕ ತೋರಿಸಿದೆ. ಕೊನೆಯ ಹಾಳೆಯನ್ನು ಬಹಳ ಹೊತ್ತು ನೋಡಿ, "ಇಲ್ಲಿ ಒಂದು ಹೆಜ್ಜೆ ಬಿಟ್ಟಿದ್ದೀಯ" ಎಂದಳು. ನಿಜವಾಗಿಯೂ ಬಿಟ್ಟಿದ್ದೆ.

2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದವು. ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬರುತ್ತಿದ್ದವು. ಮೇಷ್ಟರುಗಳು ನೋಟ್ಸಿನ ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಿದ್ದರು. ನಮ್ಮ ಬೀದಿಯ ಒಬ್ಬ ಹುಡುಗಿಯ ಮನೆಯಲ್ಲಿ ಒಂದೇ ಫೋನು, ಅದು ಅಣ್ಣನ ಕೈಯಲ್ಲಿ. ಅವಳು ಮಧ್ಯಾಹ್ನ ನಮ್ಮ ಜಗಲಿಗೆ ಬಂದು, ನನ್ನ ಫೋನಿನಲ್ಲಿ ನೋಡಿ ನೋಡಿ ಬರೆದುಕೊಳ್ಳುತ್ತಿದ್ದಳು. 2021ರ ಜುಲೈನಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಎರಡೇ ದಿನ ನಡೆಯಿತು, ಬರೀ ಸರಿ ಉತ್ತರ ಗುರುತಿಸುವ ಪ್ರಶ್ನೆಗಳು. ಅಷ್ಟು ಬರೆಯುವ ಅಗತ್ಯವೇ ಇರಲಿಲ್ಲ ಎಂದು ಯಾರೋ ಅವಳಿಗೆ ಹೇಳಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಈಚೆಗೆ ಸಿಕ್ಕಾಗ, "ಟೀಚರ್, ಆ ಪುಸ್ತಕ ಚಿಕ್ಕಪ್ಪನ ಮಗಳಿಗೆ ಕೊಟ್ಟಿದ್ದೀನಿ" ಎಂದಳು.

ವಿಜ್ಞಾನದ ಪುಸ್ತಕ ಕಳೆದುಹೋಯಿತೆಂದು ಇಷ್ಟು ವರ್ಷ ಒಳಗೊಳಗೇ ಬೈದುಕೊಂಡಿದ್ದೆ. ಆ ಮಾತು ಕೇಳಿದ ಮೇಲೆ ಬಿಟ್ಟಿದ್ದೇನೆ. ಒಯ್ದವಳು ಓದಿರುತ್ತಾಳೆ, ಆಮೇಲೆ ಅವಳಿಂದ ಇನ್ನೊಬ್ಬಳು ಕೇಳಿ ಪಡೆದಿರುತ್ತಾಳೆ.