ಕೋಟೆಯ ಕೂವೆಮರ

ಬೀಚ್ ಸ್ಟೇಷನ್ನಿನಿಂದ ತಾಂಬರದ ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ಕೋಟೆ ನಿಲ್ದಾಣವನ್ನು ದಿನವೂ ದಾಟುವವರು ನಮ್ಮ ಕನ್ನಡ ಬಂಧುಗಳಲ್ಲಿ ಬಹಳ ಮಂದಿ. ಸೇಂಟ್ ಜಾರ್ಜ್ ಕೋಟೆಯ ಮುಂದೆ ಸಮುದ್ರದ ಕಡೆಗೆ ನಿಂತಿರುವ ಎತ್ತರದ ಧ್ವಜಸ್ತಂಭವನ್ನು ಅವರೆಲ್ಲ ಕಂಡಿರಬಹುದು. ಈಗಿರುವುದು ಉಕ್ಕಿನದು, 1994ರಲ್ಲಿ ನಿಲ್ಲಿಸಿದ್ದು. ಅದಕ್ಕೂ ಮೊದಲು ಅಲ್ಲಿದ್ದದ್ದು ತೇಗದ ಮರ. ಎತ್ತರ ಸುಮಾರು 150 ಅಡಿ. ದಡಕ್ಕೆ ಬಡಿದು ಹಾಳಾದ ‘ಲಾಯಲ್ ಅಡ್ವೆಂಚರ್’ ಎಂಬ ಹಡಗಿನ ಮರವದು, ಎಲಿಹು ಯೇಲ್ ಗವರ್ನರನಾಗಿದ್ದಾಗ ನೆಡಿಸಿದ್ದು ಎಂದು ಇಲ್ಲಿನವರು ಹೇಳುತ್ತ ಬಂದಿದ್ದಾರೆ. ಯೇಲ್ ಅಧಿಕಾರಕ್ಕೆ ಬಂದದ್ದು 1687ರಲ್ಲಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟವನೂ ಈತನೇ. ಮದರಾಸಿನಲ್ಲಿ ಗಳಿಸಿದ ಹಣ ಎಲ್ಲೆಲ್ಲಿಗೆ ಮುಟ್ಟಿತು ನೋಡಿ!

ಹಾಯಿ ಕಟ್ಟುವ ಮರಕ್ಕೆ ಕನ್ನಡದಲ್ಲಿ ಕೂವೆ ಎಂಬ ಹಳೆಯ ಮಾತಿದೆ. ತಮಿಳಿನ ‘ಪುರನಾನೂರಿ’ನಲ್ಲಿ ಇದೇ ಕೂಂಬು ಎಂದಿದೆ. ಇಂದು ಇಲ್ಲಿಯವರು ಪಾಯ್‌ಮರಂ ಎನ್ನುತ್ತಾರೆ, ನಾವೋ ಹಾಯಿಕಂಬ ಎನ್ನುತ್ತೇವೆ. ಪಾಯ್ ಎಂದರೆ ನಮ್ಮ ಹಾಯಿಯೇ. ಪಕಾರ ಹಕಾರವಾಗಿದೆ, ಅಷ್ಟೇ.

ಇಷ್ಟುದ್ದದ ಮರವನ್ನು ಎಬ್ಬಿಸಿ ನಿಲ್ಲಿಸುವುದು ಹೇಗೆ? ಆ ಕಾಲದ ನಾವಿಕರು ಎರಡು ಗಟ್ಟಿ ಕಂಬಗಳನ್ನು ಕತ್ತರಿಯಂತೆ ಕಟ್ಟಿ, ಮೇಲೆ ರಾಟೆ ಹಾಕಿ, ಹಡಗಿನ ಮರವನ್ನು ಎತ್ತುತ್ತಿದ್ದರು. ಮಲಗಿರುವ ಮರವನ್ನು ಎಬ್ಬಿಸುವಾಗ ಮೊದಲ ಕೆಲವು ಅಡಿಗಳೇ ಕಷ್ಟ. ಭಾರವೆಲ್ಲ ಬುಡದಿಂದ ದೂರ ಚಾಚಿರುತ್ತದೆ. ಎಳೆಯುವ ಹಗ್ಗವೋ ಮರದ ಉದ್ದಕ್ಕೇ ಮಲಗಿರುತ್ತದೆ, ಎಷ್ಟು ಎಳೆದರೂ ಎತ್ತುವ ಬಲ ಹುಟ್ಟುವುದಿಲ್ಲ. ಬುಡದ ಬಳಿ ಗಿಡ್ಡ ಕಂಬವೊಂದನ್ನು ನಿಲ್ಲಿಸಿ ಹಗ್ಗವನ್ನು ಅದರ ತಲೆಯ ಮೇಲಿಂದ ಹಾಯಿಸಿದರೆ ಕೋನ ದೊಡ್ಡದಾಗಿ ಕೆಲಸ ಹಗುರವಾಗುತ್ತದೆ. ಕಾಲೇಜಿನಲ್ಲಿ ಸನ್ನೆಕೋಲಿನ ಲೆಕ್ಕ ಮಾಡಿದವರಿಗೆ ಇದು ಹೊಸದಲ್ಲ. ಲೆಕ್ಕ ಕಲಿಯದ ಖಲಾಸಿಗಳಿಗಂತೂ ಕೈಗೇ ಗೊತ್ತಿತ್ತು.

ಇದೇ ವಿದ್ಯೆಯನ್ನು ಚಿಕ್ಕ ಅಳತೆಯಲ್ಲಿ ಸಣ್ಣ ಹಾಯಿದೋಣಿಗಳಲ್ಲಿ ಕಾಣಬಹುದು. ಚೆನ್ನೈ ಬಂದರಿನೊಳಗೆ ಹಾಯಿದೋಣಿ ನಡೆಸುವ ರಾಯಲ್ ಮದ್ರಾಸ್ ಯಾಟ್ ಕ್ಲಬ್ 1911ರಲ್ಲಿ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಆರಂಭಿಸಿದ್ದು. ಆಗ ಪೋರ್ಟ್ ಟ್ರಸ್ಟಿನ ಅಧ್ಯಕ್ಷರೂ ಅವರೇ. ಗಾಡಿಯ ಮೇಲೆ ತರುವ ಇಂಥ ದೋಣಿಯಲ್ಲಿ ಮೊದಲು ಎರಡು ಪಕ್ಕದ ತಂತಿಗಳನ್ನು ಸಿಕ್ಕಿಲ್ಲದೆ ಬಿಡಿಸಿ ದೋಣಿಯ ಅಂಚಿಗೆ ಸಿಕ್ಕಿಸುತ್ತಾರೆ. ಕಂಬದ ಬುಡವನ್ನು ಅದರ ಗೂಡಿನಲ್ಲಿಟ್ಟು, ಒಬ್ಬರು ಹಿಂದಿನಿಂದ ಎತ್ತುತ್ತ ಮುಂದೆ ಬರುತ್ತಾರೆ, ಇನ್ನೊಬ್ಬರು ಮೂತಿಯ ಕಡೆಯಿಂದ ಮುಂದಿನ ತಂತಿಯನ್ನು ಎಳೆಯುತ್ತಾರೆ. ಆ ತಂತಿಗೆ ಪಿನ್ನು ಬೀಳುವವರೆಗೂ ಕಂಬದಿಂದ ಕೈ ತೆಗೆಯುವಂತಿಲ್ಲ. ಪಿನ್ನು ಜಾರದಂತೆ ಅದಕ್ಕೊಂದು ಬಳೆಯೂ ಬೇಕು. ಎಲ್ಲಕ್ಕೂ ಮುಂಚೆ ತಲೆಯೆತ್ತಿ ವಿದ್ಯುತ್ ತಂತಿಯಿದೆಯೇ ಎಂದು ನೋಡಬೇಕು. ಲೋಹದ ಕಂಬ ತಗುಲಿದರೆ ಪ್ರಾಣಕ್ಕೇ ಅಪಾಯ.

ಕೋಟೆಯ ಮರಕ್ಕೆ ಮರಳೋಣ. 1746ರಲ್ಲಿ ಫ್ರೆಂಚರು ಕೋಟೆಯನ್ನು ಹಿಡಿದರು, ಮೂರು ವರ್ಷ ಅವರ ಬಾವುಟವೇ ಹಾರಿತು. 1749ರಲ್ಲಿ ಮತ್ತೆ ಇಂಗ್ಲಿಷರದು ಏರಿತು. ಇವೆಲ್ಲ ಒಡೆಯರ ನಡುವಿನ ವ್ಯವಹಾರ. ನಮ್ಮ ಮನಸ್ಸಿಗೆ ಹೆಚ್ಚು ಹಿಡಿಸುವುದು 1932ರ ಜನವರಿ 26ರ ಸಂಗತಿ. ಆರ್ಯ ಎಂದು ಹೆಸರಾದ ಭಾಷ್ಯಂ ಎಂಬ ತರುಣ, ಕಾವಲಿದ್ದ ಕೋಟೆಯೊಳಗೆ ಹೊಕ್ಕು, ರಾತ್ರಿ ಆ ಮರವೇರಿ ತ್ರಿವರ್ಣಧ್ವಜ ಕಟ್ಟಿಬಿಟ್ಟರು. ನೂರು ಅಡಿಗೂ ಮೇಲೆ, ಕತ್ತಲಲ್ಲಿ, ಕಡಲ ಗಾಳಿಯಲ್ಲಿ! ಕೈಜಾರಿದ್ದರೆ ಸಾವು, ಸಿಕ್ಕಿಬಿದ್ದರೆ ಸೆರೆಮನೆ.

ಹದಿನೈದು ವರ್ಷಗಳ ಮೇಲೆ, 1947ರ ಆಗಸ್ಟ್ 15ರ ಬೆಳಗಿನ ಜಾವ, ಅದೇ ಮರದ ಮೇಲೆ ರೇಷ್ಮೆಯ ರಾಷ್ಟ್ರಧ್ವಜ ಸರ್ಕಾರಿ ಗೌರವದೊಡನೆ ಏರಿತು. 12 ಅಡಿ ಉದ್ದ, 8 ಅಡಿ ಅಗಲದ ಆ ಧ್ವಜವನ್ನು ಕೋಟೆಯ ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದೆ ಜೋಪಾನವಾಗಿಟ್ಟಿದ್ದಾರೆ. ರಜಾದಿನದಲ್ಲಿ ಮಕ್ಕಳನ್ನು ಮರೀನಾ ಬೀಚಿಗೆ ಕರೆದೊಯ್ಯುವವರು ಒಂದು ಗಂಟೆ ಮುಂಚೆ ಹೊರಟರೆ ಇದನ್ನೂ ನೋಡಿ ಹೋಗಬಹುದು.