ಎರಡು ಗ್ರಂಥಗಳ ನಡುವೆ ಬಿಟ್ಟುಹೋದ ಸೀಮೆ

ಥಿಯೋಡೋರ್ ಕುಕ್ ಬರೆದ ಮುಂಬಯಿ ಪ್ರಾಂತ್ಯದ ಸಸ್ಯಗ್ರಂಥ 1901ರಿಂದ 1908ರವರೆಗೆ ಕಂತುಕಂತಾಗಿ ಹೊರಬಂತು. ಬಿಜಾಪುರ, ಧಾರವಾಡ ಜಿಲ್ಲೆಗಳ ಗಿಡಗಂಟಿ ಅದರಲ್ಲಿವೆ. ಮದ್ರಾಸ್ ಪ್ರಾಂತ್ಯದ ಗ್ರಂಥವನ್ನು ಜೆ.ಎಸ್. ಗ್ಯಾಂಬಲ್ 1915ರಲ್ಲಿ ಹೊರತರಲಾರಂಭಿಸಿದರು, ಅವರ ತರುವಾಯ ಸಿ.ಇ.ಸಿ. ಫಿಷರ್ 1936ರಲ್ಲಿ ಮುಗಿಸಿದರು. ಬಳ್ಳಾರಿ ಸೀಮೆ ಅದರೊಳಗೆ ಬರುತ್ತದೆ. ನಮ್ಮ ತಾವರಗೇರಾ ಎರಡರಲ್ಲೂ ಇಲ್ಲ. ಪಡುವಣದ ಇಳಕಲ್ಲು, ಹುನಗುಂದ ಮುಂಬಯಿಗೆ ಸೇರಿದ್ದವು. ತುಂಗಭದ್ರೆ ದಾಟಿದರೆ ಹೊಸಪೇಟೆ ಮದ್ರಾಸಿನದು. ನಡುವಿನ ನಮ್ಮ ಕುಷ್ಟಗಿ ತಾಲ್ಲೂಕು 1905ರವರೆಗೆ ಲಿಂಗಸುಗೂರು ಜಿಲ್ಲೆ, ಆಮೇಲೆ ರಾಯಚೂರು ಜಿಲ್ಲೆ. ಎರಡೂ ನಿಜಾಮರ ಆಳ್ವಿಕೆಯವು. ಹೊಲದ ಬದುವಿನ ತಂಗಡಿಗೆ ಗಡಿ ಗೊತ್ತಿರಲಿಲ್ಲ, ಗ್ರಂಥಕರ್ತರಿಗೆ ಗೊತ್ತಿತ್ತು.

ಹೈದರಾಬಾದಿನವರು ಸುಮ್ಮನಿದ್ದರು ಎನ್ನಲಾಗದು. ಇ.ಎ. ಪಾರ್ಟ್ರಿಜ್ 1911ರಲ್ಲಿ ನಿಜಾಮ ಸಂಸ್ಥಾನದ ಅರಣ್ಯಸಸ್ಯಗಳ ಪುಸ್ತಕ ತಂದರು. ಆದರೆ ಅದು ಅರಣ್ಯದವರ ಪುಸ್ತಕ, ನಮ್ಮದು ಜೋಳ, ಸಜ್ಜೆ ಬೆಳೆಯುವ ಬಯಲು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಸಯೀದುದ್ದೀನ್ ಅವರು ಮೂವತ್ತು ನಲವತ್ತರ ದಶಕಗಳಲ್ಲಿ ಸಂಸ್ಥಾನದ ಸಾಮಾನ್ಯ ಗಿಡಗಳ ಮೇಲೆ ಲೇಖನಗಳನ್ನು ಬರೆದರು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಗುಲಬರ್ಗಾಕ್ಕೆ ಬಂತು. 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 1988ರಲ್ಲಿ ಎನ್.ಪಿ. ಸಿಂಗ್ ಅವರ ಪೂರ್ವ ಕರ್ನಾಟಕದ ಸಸ್ಯಗ್ರಂಥ, 2000ದಲ್ಲಿ ವೈ.ಎನ್. ಸೀತಾರಾಮ್ ಮತ್ತು ಸಂಗಡಿಗರ ಗುಲಬರ್ಗಾ ಜಿಲ್ಲೆಯ ಗ್ರಂಥ ಬಂದವು. ಇಂಥ ಗ್ರಂಥಗಳಿಗೆ ಆಧಾರ ಒಣಗಿಸಿದ ಗಿಡಗಳ ಶೀಟುಗಳು. ಗ್ರಂಥ ‘ಇದೆ’ ಎಂದದ್ದನ್ನು ಸಾಕ್ಷಿ ಸಮೇತ ತೋರಿಸುವುದು ಶೀಟು.

ಅಂಥ ಶೀಟುಗಳ ಕಪಾಟುಗಳನ್ನು ಒಂದು ವಿಶ್ವವಿದ್ಯಾಲಯದಲ್ಲಿ ಸರಿಪಡಿಸಲು ನಾನು, ನಿವೃತ್ತ ಸಸ್ಯಶಾಸ್ತ್ರ ಮಾಸ್ತರ, ಕುಳಿತೆ. ನುಸಿಗುಳಿಗೆ ಇಟ್ಟು ವರ್ಷಗಳೇ ಆಗಿದ್ದವು. ಕಪಾಟುಗಳು ಬೆಂಥಮ್–ಹೂಕರ್ ವರ್ಗೀಕರಣದ ಕ್ರಮದಲ್ಲಿದ್ದವು, ಕೊನೆಯದು ಹುಲ್ಲುಗಳದು. ಹುಲ್ಲುಗಳು ಬಹುತೇಕ ನೆಟ್ಟಗಿದ್ದವು. ಎಕ್ಕೆಯ ಕುಟುಂಬ, ಸೂರ್ಯಕಾಂತಿಯ ಕುಟುಂಬ ತೆರೆದರೆ ಹುಡಿ. ತಂಬಾಕಿಗೂ ಮಸಾಲೆ ಡಬ್ಬಿಗೂ ಬೀಳುವ ಸಣ್ಣ ಕಂದು ದುಂಬಿಯ ಕೆಲಸ ಅದು; ಹೂವಿನ ತಲೆಗಳನ್ನು ಕೊರೆದು ಒಳಗೇ ಮರಿ ಮಾಡುತ್ತದೆ.

ಹಳೆಯ ಶೀಟುಗಳಿಗೆ ಮರ್ಕ್ಯುರಿಕ್ ಕ್ಲೋರೈಡ್ ವಿಷ ಹಚ್ಚುತ್ತಿದ್ದರು. ಪಾದರಸ ಇಂದಿಗೂ ಕಾಗದದಲ್ಲಿ ಉಳಿದಿರುತ್ತದೆ. ಹಾಗಾಗಿ ಕೈಗವಸು, ಮಾಸ್ಕ್ ಹಾಕಿಕೊಂಡೇ ಮುಟ್ಟಬೇಕು, ಕಿಟಕಿ ತೆರೆದಿರಬೇಕು. ಈಗ ವಿಷದ ಬದಲು ಶೀತ: ಕಟ್ಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಕೆಲವು ದಿನ ಇಟ್ಟರೆ ಹುಳುವೂ ಮೊಟ್ಟೆಯೂ ಸಾಯುತ್ತವೆ. ಆಮೇಲೆ ಉದುರಿದ ಬೀಜ, ಎಸಳುಗಳನ್ನು ಸಣ್ಣ ಕಾಗದದ ಪೊಟ್ಟಣದಲ್ಲಿ ಹಾಕಿ ಅದೇ ಶೀಟಿಗೆ ಅಂಟಿಸುವುದು, ಸಡಿಲವಾದ ಕಾಂಡವನ್ನು ದಾರದಿಂದ ಹೊಲಿಯುವುದು.

ಶೀಟಿಗೆ ಏರದೆ ದಿನಪತ್ರಿಕೆಯ ಮಡಿಕೆಯಲ್ಲೇ ಉಳಿದ ಗಿಡಗಳೂ ರಾಶಿ ಇದ್ದವು. ಲೇಬಲ್ ಕಳೆದುಹೋಗಿದ್ದರೆ ‘ಸಂಯುಕ್ತ ಕರ್ನಾಟಕ’ದ ತಲೆಬರಹದ ತಾರೀಖೇ ಆಸರೆ. ಆ ಮಡಿಕೆಗೆ ಗಿಡ ಬಿದ್ದದ್ದು ಆ ದಿನಕ್ಕಿಂತ ಮುಂಚೆ ಅಲ್ಲ ಎಂದಷ್ಟೇ ಬರೆಯಬಹುದು. ಊರು ತಿಳಿಯದಿದ್ದರೆ ಊಹಿಸಿ ತುಂಬಬಾರದು.

ಹೆಸರುಗಳದು ಬೇರೆಯೇ ತೊಡಕು. ನಾನು ಓದುವಾಗ ತಂಗಡಿ ‘ಕ್ಯಾಸಿಯಾ’, ಈಗ ‘ಸೆನ್ನಾ’. ಕರಿಜಾಲಿ ‘ಅಕೇಶಿಯಾ’ ಆಗಿತ್ತು. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಸಸ್ಯವಿಜ್ಞಾನಿಗಳು ಆ ಹೆಸರನ್ನು ಆಸ್ಟ್ರೇಲಿಯಾದ ಬಳಗಕ್ಕೆ ಬಿಟ್ಟುಕೊಟ್ಟರು, ನಮ್ಮದು ‘ವ್ಯಾಚೆಲಿಯಾ’ ಆಯಿತು. ಬಳ್ಳಾರಿ ಜಾಲಿಯ ‘ಪ್ರೊಸೋಪಿಸ್’ 2022ರಲ್ಲಿ ‘ನೆಲ್ಟುಮಾ’ ಆಗಿದೆ. ಕಪಾಟಿನೊಳಗೆ ಜಾಗ ಬದಲಾಗಬಹುದು, ಹಳೆಯ ಲೇಬಲನ್ನು ಮಾತ್ರ ಕೀಳಬಾರದು. ಪಕ್ಕದಲ್ಲಿ ಹೊಸ ಚೀಟಿ, ಅದರಲ್ಲಿ ಹೊಸ ಹೆಸರು, ಗುರುತಿಸಿದವರ ಸಹಿ, ವರ್ಷ. ತಪ್ಪು ಹೆಸರೂ ಉಳಿಯಬೇಕು. ಆ ಕಾಲದವರು ಗಿಡವನ್ನು ಹೇಗೆ ಅರ್ಥಮಾಡಿಕೊಂಡಿದ್ದರು ಎಂಬುದಕ್ಕೆ ಅದೇ ದಾಖಲೆ.

ಊರ ಸೀಮೆಯಲ್ಲಿ ಗಿಡ ಕೀಳುತ್ತಿದ್ದಾಗ ಕುರಿ ಕಾಯುವ ಅಜ್ಜ ಕೇಳಿದ್ದ: “ಈ ಕಸ ಒಯ್ದು ಏನ್ ಮಾಡ್ತೀಯೋ ತಮ್ಮಾ?” ಅವನಿಗೆ ಕೊಡಬಹುದಾದ ಉತ್ತರ ಕಾಂಗ್ರೆಸ್ ಕಸದಲ್ಲೇ ಇದೆ. ಕುಕ್ ಗ್ರಂಥದಲ್ಲಿ ಅದಿಲ್ಲ. 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಕಂಡು, ನಂತರ ದೇಶವೆಲ್ಲ ಹಬ್ಬಿತು. ಯಾವ ಊರಿಗೆ ಯಾವಾಗ ಬಂತು, ಅದು ಬರುವ ಮುಂಚೆ ಆ ಬದುವಿನಲ್ಲಿ ಏನಿತ್ತು ಎಂದು ಹೇಳಬಲ್ಲದ್ದು ತಾರೀಖು, ಊರು ಎರಡೂ ಇರುವ ಶೀಟು ಮಾತ್ರ.

ಹೀಗೆ ಕಾಪಾಡಿದ ಸಂಗ್ರಹವೂ ನಮ್ಮ ರಾಜ್ಯದಲ್ಲಿದೆ. ಫಾದರ್ ಸೆಸಿಲ್ ಸಲ್ಡಾನಾ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಕಟ್ಟಿದ ಹರ್ಬೇರಿಯಂ ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಅವರೂ ಸ್ಮಿತ್ಸೋನಿಯನ್ನಿನ ಡ್ಯಾನ್ ನಿಕೋಲ್ಸನ್ನರೂ 1976ರಲ್ಲಿ ತಂದ ಹಾಸನ ಜಿಲ್ಲೆಯ ಸಸ್ಯಗ್ರಂಥಕ್ಕೆ ಅಂಥ ಸಂಗ್ರಹವೇ ಬುನಾದಿ. ಮನೆ ಬದಲಾದರೂ ಕಾಲೇಜಿನ ಗುರುತಾದ ‘ಜೆಸಿಬಿ’ ಹೆಸರು ಹಾಗೇ ಉಳಿದಿದೆ. ಕೆ. ಶಂಕರರಾವ್ ಅವರ ಮುತುವರ್ಜಿಯಿಂದ ಅದು ಗಣಕಕ್ಕೂ ಏರಿತು.

ನಮ್ಮ ಕುಷ್ಟಗಿ ಈಗ ಸೇರಿರುವ ಕೊಪ್ಪಳ 1997ರಲ್ಲಿ ಜಿಲ್ಲೆಯಾಯಿತು, 2023ರಲ್ಲಿ ಅದಕ್ಕೊಂದು ವಿಶ್ವವಿದ್ಯಾಲಯವೂ ಬಂತು. ನಮ್ಮ ಹುಡುಗರು ಗಿಡ ತರಲಿ. ಒಂದೇ ಗಿಡದಿಂದ ಎರಡು ಶೀಟು ಮಾಡಲಿ, ಎರಡಕ್ಕೂ ಒಂದೇ ನಂಬರು ಕೊಡಲಿ. ಒಂದು ಇಲ್ಲಿರಲಿ, ಇನ್ನೊಂದು ಕಲಬುರಗಿಗೋ ಬೆಂಗಳೂರಿಗೋ ಹೋಗಲಿ. ಒಂದು ಕಪಾಟಿಗೆ ಹುಳು ಬಿದ್ದರೂ ತಾವರಗೇರಾದ ಗಿಡ ಇನ್ನೊಂದರಲ್ಲಿ ಸಿಗುತ್ತದೆ.